ಬೀಗ ಬಿದ್ದ ಶಾಲಾ ಕೋಣೆ ಹಿರಿಯರಿಗೆ ತೆರೆಯಲಿ

ಸಂಪಾದಕರಿಗೆ ನಮಸ್ಕಾರ,

ನಾನು ಬೀಳಗಿ ತಾಲ್ಲೂಕಿನ ಒಂದು ಪುನರ್ವಸತಿ ಕೇಂದ್ರದಲ್ಲಿ ಆಶಾ ಕಾರ್ಯಕರ್ತೆ. ಹಳೇ ಊರು ಆಲಮಟ್ಟಿ ಹಿನ್ನೀರಿಗೆ ಹೋದ ಮೇಲೆ ಎದ್ದ ಊರು ನಮ್ಮದು. ಶಾಲೆಗೆ ಕೈಬಿಚ್ಚಿ ಕೋಣೆ ಕಟ್ಟಿದ್ದರು. ಈಗ ದಿನಾ ಬೆಳಿಗ್ಗೆ ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನು ಬಂದು ಅರ್ಧ ಮಕ್ಕಳನ್ನು ತುಂಬಿಕೊಂಡು ಹೋಗುತ್ತದೆ. ಇನ್ನು ಕೆಲವರು ಅಪ್ಪ-ಅವ್ವನ ಜೊತೆ ಗೋವಾಕ್ಕೋ, ಕಬ್ಬು ಕಡಿಯಲು ಸಾಂಗ್ಲಿ ಕಡೆಗೋ ಹೋಗಿರುತ್ತಾರೆ. ಹಾಗಾಗಿ ಮೂರು ಕೋಣೆಗೆ ಬೀಗ. ಒಂದರಲ್ಲಿ ಮುರಿದ ಬೆಂಚು, ಇನ್ನೊಂದರಲ್ಲಿ ಯಾರದೋ ಮೆಕ್ಕೆಜೋಳದ ಚೀಲ.

ದುಡಿಯಲು ಹೋದವರು ಮನೆಯಲ್ಲಿ ಬಿಟ್ಟುಹೋಗುವುದು ಮುದುಕರನ್ನು. ಹಳೇ ಊರಲ್ಲಿ ಅಗಸಿ ಇತ್ತು, ಹನುಮಪ್ಪನ ಗುಡಿ ಕಟ್ಟೆ ಇತ್ತು. ಇಲ್ಲಿ ನೇರ ರಸ್ತೆ, ಅಗಲ ಪ್ಲಾಟು, ಒಬ್ಬರ ಬಾಗಿಲು ಇನ್ನೊಬ್ಬರಿಗೆ ಕಾಣುವುದಿಲ್ಲ. ‘ಗ್ವಾಡಿ ಕೂಡ ಎಷ್ಟಂತ ಮಾತಾಡ್ಲೆವ್ವಾ’ ಅಂತ ಒಬ್ಬ ಮುತ್ಯಾ ನನ್ನನ್ನು ಕೇಳುತ್ತಾರೆ. ನಾನು ಬಿಪಿ-ಶುಗರ್ ಕೇಳಲು ಹೋದರೆ ಬೇಕಂತಲೇ ಜಾಸ್ತಿ ಹೊತ್ತು ಕೂಡಿಸಿಕೊಳ್ಳುತ್ತಾರೆ.

ಒಬ್ಬ ಆಯಿ ಶುಗರ್ ಗುಳಿಗೆ, ಬಿಪಿ ಗುಳಿಗೆ ಎರಡನ್ನೂ ಬಿಡಿಸಿ ಎಲೆ-ಅಡಿಕೆ ಸಂಚಿಯಲ್ಲಿ ಹಾಕಿಕೊಂಡಿದ್ದರು. ಎರಡೂ ಬಿಳಿ. ಯಾವುದು ಯಾವಾಗ ಅಂದರೆ ‘ಕೈಗೆ ಸಿಕ್ಕಿದ್ದು’ ಅಂದರು! ನಾನು ಹೇಳಿ ಹೇಳಿ ಸಾಕಾಗಿದ್ದೆ. ಕೊನೆಗೆ ಪಕ್ಕದ ಮನೆಯ ಐದನೇ ಕ್ಲಾಸಿನ ಹುಡುಗ ಎರಡು ಖಾಲಿ ಕಡ್ಡಿಪೆಟ್ಟಿಗೆ ತಂದ. ಒಂದರ ಮೇಲೆ ಸೂರ್ಯ ಬರೆದ, ಇನ್ನೊಂದರ ಮೇಲೆ ಚಂದ್ರ. ಅವತ್ತಿನಿಂದ ಗುಳಿಗೆ ತಪ್ಪಿಲ್ಲ. ಆ ಹುಡುಗನಿಗೆ ಆಯಿ ಈಗ ಕೌದಿ ಹೊಲಿಯುವುದನ್ನು ಕಲಿಸುತ್ತಿದ್ದಾರೆ. ಗಂಡುಹುಡುಗ ಸೂಜಿ ಹಿಡಿದ ಅಂತ ಓಣಿಯವರು ನಗುತ್ತಾರೆ, ನಗಲಿ ಬಿಡಿ.

ಇದನ್ನೇ ಶಾಲೆಯಲ್ಲಿ ಮಾಡಬಹುದು ಅಲ್ವಾ? ನಾನು ಕೇಳುತ್ತಿರುವುದು ವೃದ್ಧಾಶ್ರಮ ಅಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆ, ಗತಿಯಿಲ್ಲದ ಕನಿಷ್ಠ 150 ಜನ ಇರಬಹುದಾದ ವೃದ್ಧಾಶ್ರಮವನ್ನು ಜಿಲ್ಲೆಗೆ ಒಂದಾದರೂ ತೆರೆಯಬಹುದು ಅನ್ನುತ್ತದೆ. ಅದು ಬೇಕು, ಆದರೆ ನಮ್ಮವರಿಗೆ ಮನೆ ಇದೆ, ಹೆಸರಿಗೆ ಮಕ್ಕಳೂ ಇದ್ದಾರೆ. ಇಲ್ಲದಿರುವುದು ಹಗಲು ಹೊತ್ತಿನ ಜೊತೆ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಬಂದು, ಸಂಜೆ ಶಾಲೆ ಬಿಟ್ಟಾಗ ಮಕ್ಕಳ ಜೊತೆಗೇ ಮನೆಗೆ ಹೋದರೆ ಸಾಕು. ಜಪಾನಿನ ತೊಯಾಮಾ ಊರಲ್ಲಿ ಮೂವರು ನರ್ಸುಗಳು 1993ರಲ್ಲೇ ಮುದುಕರು, ಮಕ್ಕಳು, ಅಂಗವಿಕಲರು ಎಲ್ಲರನ್ನೂ ಹಗಲು ಒಂದೇ ಮನೆಯಲ್ಲಿ ನೋಡಿಕೊಳ್ಳಲು ಶುರು ಮಾಡಿದರು. ಅಷ್ಟು ದೂರ ಯಾಕೆ, ಮಹಾರಾಷ್ಟ್ರದ ಠಾಣೆ ಜಿಲ್ಲೆಯ ಫಾಂಗಣೆಯಲ್ಲಿ 2016ರಲ್ಲಿ ಅಜ್ಜಿಯರಿಗೇ ಒಂದು ಶಾಲೆ ಶುರು ಮಾಡಿದರು.

ನಮ್ಮ ಸರ್ಕಾರಕ್ಕೂ ಇದು ಹೊಸದಲ್ಲ. ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆ ‘ಕೂಸಿನ ಮನೆ’ ಮಾಡಿದಾಗ ಊರಿನ ಹೆಂಗಸರಿಗೇ ತರಬೇತಿ ಕೊಟ್ಟು ಆರೈಕೆಗೆ ಇಟ್ಟರು. ಮುದುಕರಿಗೂ ಅದೇ ದಾರಿ ಸಾಕು. (ದಯವಿಟ್ಟು ಇದನ್ನೂ ಆಶಾಗಳ ತಲೆಗೆ ಕಟ್ಟಬೇಡಿ. ತಿಂಗಳಿಗೊಮ್ಮೆ ಬಿಪಿ ನೋಡಿ ಬರೆದುಕೊಳ್ಳುತ್ತೇನೆ, ಒಂದೇ ಕಡೆ ಸಿಕ್ಕರೆ ನನಗೂ ಅಲೆದಾಟ ಕಡಿಮೆ.)

ತೊಂದರೆ ಇಲ್ಲ ಅಂತ ನಾನು ಹೇಳುವುದಿಲ್ಲ. ಶಾಲೆಯ ಪಾಯಖಾನೆಯಲ್ಲಿ ಕುಕ್ಕರಗಾಲಲ್ಲಿ ಕೂತರೆ ಮೊಣಕಾಲು ನೋವಿನವರು ಏಳಲಾರರು. ಒಂದು ಕಮೋಡು, ಗೋಡೆಗೆ ಹಿಡಿಕೆ, ಮೆಟ್ಟಿಲ ಪಕ್ಕ ಇಳಿಜಾರು, ಇಷ್ಟು ಆಗಲೇಬೇಕು. ಬಿಸಿಯೂಟದ ಅಕ್ಕಿ ಮಕ್ಕಳದ್ದು, ಅದಕ್ಕೆ ಕೈ ಹಾಕಬಾರದು. ಕೆಮ್ಮು, ಕಫ ಇರುವವರು ಮೊದಲು ಪರೀಕ್ಷೆ ಮಾಡಿಸಿಕೊಂಡೇ ಬರಬೇಕು. ಬೀಡಿ, ತಂಬಾಕು ಗೇಟಿನ ಹೊರಗೆ. ಇದಕ್ಕೆ ನಮ್ಮ ಮುತ್ಯಾಗಳು ಸುಮ್ನೆ ಒಪ್ಪುವುದಿಲ್ಲ, ಜಗಳ ಆಗುತ್ತದೆ. ಮಕ್ಕಳ ಜೊತೆ ಹಿರಿಯರು ಕೂರುವುದು ಮಾಸ್ತರರ ಕಣ್ಣೆದುರಿಗೇ ಇರಬೇಕು. ಹೆಣ್ಣುಮಕ್ಕಳ ತಾಯಂದಿರಿಗೆ ಆ ಧೈರ್ಯ ಕೊಡದೆ ಇದು ನಡೆಯುವುದಿಲ್ಲ.

ಇನ್ನೊಂದು ಮಾತು. ಕೋಣೆ ಖಾಲಿ ಇದೆ ಅಂತ ಶಾಲೆಯನ್ನೇ ಮುಚ್ಚಿ ಮುದುಕರಿಗೆ ಕೊಟ್ಟೆವು ಅನ್ನಬೇಡಿ. ಮಕ್ಕಳೇ ಇಲ್ಲದಿದ್ದರೆ ಅದು ಮತ್ತೊಂದು ವೃದ್ಧಾಶ್ರಮ ಅಷ್ಟೇ.

ಹೆಡ್‌ಮಾಸ್ತರು ಒಳ್ಳೆಯವರು. ಆದರೆ ಮೇಲಿನಿಂದ ಬರಹದಲ್ಲಿ ಬರಲಿ ಅನ್ನುತ್ತಾರೆ. ಪಂಚಾಯಿತಿಯಲ್ಲಿ ಕೇಳಿದರೆ ಕಟ್ಟಡ ಶಿಕ್ಷಣ ಇಲಾಖೆಯದು ಅನ್ನುತ್ತಾರೆ. ಶಿಕ್ಷಣ ಇಲಾಖೆಯ ಬಿಇಒ, ಪಂಚಾಯಿತಿಯ ಪಿಡಿಒ, ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ಒಂದು ದಿನ ಒಟ್ಟಿಗೆ ಕೂತು, ಒಂದು ವರ್ಷದ ಮಟ್ಟಿಗೆ ಒಂದೇ ಒಂದು ಕೋಣೆಗೆ ಒಪ್ಪಿಗೆ ಬರೆದುಕೊಡಲಿ. ಕಸ ಹೊಡೆದು ಸುಣ್ಣ ಬಳಿಯುವ ಕೆಲಸ ನಮ್ಮ ಸಂಘದ ಹೆಂಗಸರದ್ದು.

— ಒಬ್ಬ ಆಶಾ ಕಾರ್ಯಕರ್ತೆ, ಬೀಳಗಿ ತಾಲ್ಲೂಕು, ಬಾಗಲಕೋಟೆ ಜಿಲ್ಲೆ