ಅಪ್ಪಾಜಿಗೆ, ಸವಳು ಹೊಲದ ವಿಷಯವಾಗಿ

ಆನ್ಯಾಂಗ್, ಹೆನಾನ್ ಪ್ರಾಂತ್ಯ, ಚೀನಾ

ತೀರ್ಥರೂಪ ಅಪ್ಪಾಜಿಯವರಿಗೆ ಬಸವರಾಜನು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ನಾನು ಕ್ಷೇಮ. ಅವ್ವ, ಸವಿತಾ, ಗುರಪ್ಪ ಕಾಕಾ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಕಾಲುವೆ ಬದಿಯ ಮೂರು ಎಕರೆಯಲ್ಲಿ ಹತ್ತಿಯ ಸಸಿಗಳು ಉಪ್ಪಿಗೆ ಸುಟ್ಟುಹೋದ ಸುದ್ದಿಗಿಂತ, ಮುಂದಿನ ವರ್ಷ ಉಪ್ಪು ತಡೆಯುವ ನನ್ನ ಬೀಜ ಬರುತ್ತದೆಂಬ ಭರವಸೆಯ ಮೇಲೆ ಸವಿತಾಳ ಮದುವೆಗೆ ಸಾಲ ತೆಗೆಯುವುದಾಗಿ ನೀವು ಬರೆದದ್ದು ನನ್ನ ನಿದ್ದೆ ಕೆಡಿಸಿದೆ. ಅಪ್ಪಾಜಿ, ನನ್ನ ಬಳಿ ಬೀಜವಿಲ್ಲ. ಊರಿಗೆ ಬಂದಾಗ ಕಟ್ಟೆಯ ಮೇಲೆ ಕುಳಿತು ನಾನೇ ಹೆಚ್ಚು ಮಾತನಾಡಿದೆನೆಂದು ಕಾಣುತ್ತದೆ.

ನಾನು ನೋಡುತ್ತಿರುವುದು ಹತ್ತಿಯೊಳಗಿನ ಎನ್‌ಎಚ್‌ಎಕ್ಸ್ ಎಂಬ ವಂಶವಾಹಿಗಳ ಒಂದು ಮನೆತನವನ್ನು. ನಮ್ಮ ಅಣ್ಣತಮ್ಮಂದಿರಂತೆಯೇ ಅವಕ್ಕೂ ಮೂಲ ಒಂದೇ, ಮಾಡುವ ಕೆಲಸ ಬೇರೆ. ಕೆಲವುಗಳಿಂದಾಗುವ ಪ್ರೋಟೀನುಗಳು ಜೀವಕೋಶದೊಳಗಿನ ರಸದ ಚೀಲವಾದ ರಸದಾನಿಯ ಪೊರೆಯಲ್ಲಿ ಕುಳಿತು, ಒಳಗಿನ ಪ್ರೋಟಾನನ್ನು ಹೊರಬಿಟ್ಟು, ಅದಕ್ಕೆ ಬದಲಾಗಿ ಉಪ್ಪಿನಲ್ಲಿರುವ ಸೋಡಿಯಮ್ಮನ್ನು ಹಗೇವಿಗೆ ಜೋಳ ಸುರಿದಂತೆ ಒಳಗೆ ತುಂಬುತ್ತವೆ. ಇನ್ನೊಂದರ ಪ್ರೋಟೀನು ಹೊರಪೊರೆಯಲ್ಲಿದ್ದು ಉಪ್ಪನ್ನು ಜೀವಕೋಶದಿಂದಲೇ ಆಚೆ ನೂಕುತ್ತದೆ. ನೀವು ಮೊದಲು ಬೆಳೆಯುತ್ತಿದ್ದ ಜಯಧರ್ ಹತ್ತಿಗೆ ಇರುವುದು, ವಂಶವಾಹಿಗಳನ್ನು ಹೊತ್ತ ಎಳೆಗಳಾದ ವರ್ಣತಂತುಗಳು 26. ಈಗ ಬಿತ್ತುತ್ತಿರುವ ಅಮೆರಿಕನ್ ಹತ್ತಿ ಬಹು ಹಿಂದೆ ಎರಡು ಜಾತಿಗಳು ಕೂಡಿ ಆದದ್ದರಿಂದ ಅದಕ್ಕೆ 52. ಹೀಗಾಗಿ ಮನೆತನದ ಹೆಚ್ಚಿನವರಿಗೆ ಒಬ್ಬೊಬ್ಬ ಜೋಡಿಯಿದ್ದಾನೆ, ದುಡಿಯುವವನು ಯಾರೆಂದು ಹುಡುಕುವುದೇ ನನ್ನ ಸಂಬಳದ ಕೆಲಸ.

ಮೂರೆಲೆಯ ಸಸಿಗಳಿಗೆ ಲೀಟರಿಗೆ ಸುಮಾರು 12 ಗ್ರಾಂ ಉಪ್ಪು ಬೆರೆಸಿದ ನೀರು ಕೊಟ್ಟು, ಗೊತ್ತುಮಾಡಿದ ಗಂಟೆಗಳಲ್ಲಿ ಎಲೆ, ಬೇರು ಕಿತ್ತು ದ್ರವ ಸಾರಜನಕದಲ್ಲಿ ಅದ್ದಿಟ್ಟು, ಯಾವ ವಂಶವಾಹಿ ಎಷ್ಟು ಎದ್ದಿತೆಂದು ಅಳೆಯುತ್ತೇನೆ. ಆದರೆ ಉಪ್ಪು ಸೋಕಿದಾಗ ಎದ್ದದ್ದೆಲ್ಲ ಗಿಡವನ್ನು ಕಾಯುತ್ತದೆಂದಲ್ಲ. ಮನೆಗೆ ಬೆಂಕಿ ಬಿದ್ದಾಗ ಕೂಗುವವರೆಲ್ಲ ನೀರು ಹೊರುವುದಿಲ್ಲವಲ್ಲ! ಅದಕ್ಕಾಗಿ ವೈರಸ್ಸಿನ ಮೂಲಕ ಒಂದೊಂದು ವಂಶವಾಹಿಯ ಬಾಯಿ ಮುಚ್ಚಿಸಿ, ಗಿಡ ಬೇಗ ಬಾಡುತ್ತದೆಯೇ ಎಂದು ಕಾಯಬೇಕು. ವೈರಸ್ ಕೆಲಸ ಮಾಡುತ್ತಿದೆಯೆಂಬುದಕ್ಕೆ ಗುರುತಾಗಿ ಬೇರೊಂದು ವಂಶವಾಹಿಯನ್ನು ಅಡಗಿಸಿದ ಗಿಡಗಳನ್ನೂ ಇಟ್ಟಿರುತ್ತೇವೆ, ಅವುಗಳ ಹೊಸ ಎಲೆಗಳು ಸುಣ್ಣದಂತೆ ಬೆಳ್ಳಗಾಗುತ್ತವೆ. ಅವ್ವನಿಗೆ ತೋರಿಸಿದರೆ ದೃಷ್ಟಿಯಾಗಿದೆ ಎಂದಾಳು.

ಇಲ್ಲಿಂದ ಬೀಜಕ್ಕೆ ದಾರಿ ಬಹಳ ದೂರ. ಇದೇ ಮನೆತನದ, ಬೇರೊಂದು ಸಸ್ಯದ ವಂಶವಾಹಿಯನ್ನು ಹತ್ತಿಗೆ ಸೇರಿಸಿ ಫಲ ಕಂಡ ಅಮೆರಿಕದ ವರದಿ 2005ರಲ್ಲೇ ಬಂದಿತ್ತು. ನಿಮ್ಮ ಬೀಜದಂಗಡಿಗೆ ಅದು ಬಂದಿದೆಯೇ? ಮೂರು ಸಾವಿರ ವರ್ಷಗಳ ಹಿಂದೆ ಇದೇ ಆನ್ಯಾಂಗ್‌ನ ಅರಸರು ಆಮೆಯ ಚಿಪ್ಪನ್ನು ಕಾಯಿಸಿ, ಎದ್ದ ಬಿರುಕು ನೋಡಿ, ಈ ಸಲ ಬೆಳೆ ಬರುವುದೇ ಎಂದು ಕೇಳುತ್ತಿದ್ದರು. ಕ್ಷಮಿಸಿ, ನನ್ನ ಪ್ರಯೋಗವನ್ನು ನಂಬಿ ಸಾಲ ಮಾಡುವುದು ನನಗೆ ಹಾಗೆಯೇ ಕಂಡಿತು.

ಹತ್ತಿ ಬೆಳೆದ ಮೇಲೆ ಉಪ್ಪನ್ನು ಸಾಕಷ್ಟು ತಡೆಯುವ ಬೆಳೆ, ಮೊಳಕೆಯಲ್ಲಿ ಮಾತ್ರ ಎಳೆಗೂಸು. ಕಾಲುವೆ ನೀರು ಹೆಚ್ಚಾಗಿ ಅಂತರ್ಜಲ ಮೇಲೇರಿದಾಗ ಎರೆಮಣ್ಣು ಆ ನೀರನ್ನು ಹೀರಿ, ಉಪ್ಪನ್ನು ಮೇಲೆ ತಂದು ಬಿಡುತ್ತದೆ. ಆದ್ದರಿಂದ ಮೊದಲು ಬಸಿಗಾಲುವೆ ತೆಗೆಸಿ. ಉಪ್ಪು ಬೋದಿನ ನೆತ್ತಿಯಲ್ಲಿ ಸೇರುವುದರಿಂದ ಬೀಜವನ್ನು ಬಗಲಿಗೆ ಊರಿಸಿ. ಮಣ್ಣನ್ನು ಧಾರವಾಡದಲ್ಲಿ ಪರೀಕ್ಷೆ ಮಾಡಿಸದೆ, ಯಾರೋ ಹೇಳಿದರೆಂದು ಜಿಪ್ಸಂ ಸುರಿಯಬೇಡಿ. ಅದು ಕ್ಷಾರದ ಮಣ್ಣಿಗೆ ಮದ್ದು, ಬರೀ ಉಪ್ಪಿನ ಮಣ್ಣಿಗಲ್ಲ.

ಮದುವೆಯ ಖರ್ಚಿಗೆ ನನ್ನ ಉಳಿತಾಯವಿದೆ, ಈ ವಾರವೇ ಕಳಿಸುತ್ತೇನೆ. ನನಗೆ ಇಲ್ಲಿ ಏನೇನೂ ಕೊರತೆಯಿಲ್ಲ. ಊಟ ಒಗ್ಗಿದೆ, ಕೆಮ್ಮು ಪೂರ್ತಿ ಹೋಗಿದೆ, ಈ ಜನ ಬೇಸಿಗೆಯಲ್ಲೂ ಬಿಸಿನೀರನ್ನೇ ಕುಡಿಸುತ್ತಾರೆಂದು ಅವ್ವನಿಗೆ ತಪ್ಪದೆ ಹೇಳಿ. ಸಾಲದ ಕಾಗದಕ್ಕೆ ಸಹಿ ಮಾತ್ರ ಹಾಕಬೇಡಿ.

ಹನ್ನೆರಡನೆಯ ಗಂಟೆಯ ಎಲೆ ಕೀಳುವ ಹೊತ್ತಾಯಿತು, ಉಳಿದದ್ದು ಮುಂದೆ ಬರೆಯುತ್ತೇನೆ.

ಇಂತಿ ನಿಮ್ಮ ಮಗ,
ಬಸವರಾಜ