ಹಾಸನ ಜಿಲ್ಲಾಧಿಕಾರಿಯವರಿಗೆ ಬಹಿರಂಗ ಪತ್ರ: ದೂರು ಅಧಿಕಾರಿ ಯಾರೆಂದು ತಿಳಿಸಿ

ಮಾನ್ಯ ಜಿಲ್ಲಾಧಿಕಾರಿಗಳೇ,

ಸಕಲೇಶಪುರದಿಂದ ಹಾಸನದವರೆಗಿನ ಹೆದ್ದಾರಿ ಬದಿಯಲ್ಲೂ ಬಸ್ ನಿಲ್ದಾಣಗಳಲ್ಲೂ ಲೈಂಗಿಕ ವೃತ್ತಿಯಲ್ಲಿರುವ ಹೆಣ್ಣುಮಕ್ಕಳನ್ನು ಎಚ್‌ಐವಿ ಪರೀಕ್ಷೆಗೆ ಒಪ್ಪಿಸಿ ಕರೆತರುವ ಕೆಲಸವನ್ನು ನಾನು ಹನ್ನೊಂದು ವರ್ಷಗಳಿಂದ ಮಾಡುತ್ತಿದ್ದೇನೆ. ಇಷ್ಟು ಕಾಲ ಸಹಿಸಿಕೊಂಡದ್ದನ್ನು ಇನ್ನು ಸಹಿಸಲಾರದೆ ಬರೆಯುತ್ತಿದ್ದೇನೆ.

ಕಳೆದ ತಿಂಗಳು ಕೈ ಮುರಿದುಕೊಂಡಿದ್ದ ಒಬ್ಬಳನ್ನು ಜಿಲ್ಲೆಯ ಒಂದು ಆಸ್ಪತ್ರೆಗೆ ಕರೆದೊಯ್ದೆ. ನಾಲ್ಕು ವರ್ಷಗಳಿಂದ ಒಂದು ದಿನವೂ ತಪ್ಪದೆ ಎಚ್‌ಐವಿ ವೈರಾಣುವನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ ನುಂಗುತ್ತಿದ್ದವಳು ಅವಳು. ವೈದ್ಯರಿಗೆ ತಿಳಿದಿರಲೆಂದು ತಾನಾಗಿಯೇ ಚಿಕಿತ್ಸೆಯ ಪುಸ್ತಕವನ್ನು ಮುಂದಿಟ್ಟಳು. ಅದನ್ನು ನೋಡಿದ ಸಿಬ್ಬಂದಿಯೊಬ್ಬರು, ಬೆಂಚುಗಳ ತುಂಬ ಜನ ಕುಳಿತಿದ್ದಾಗಲೇ, "ಆ ಎಚ್‌ಐವಿ ಪೇಷೆಂಟ್ ಆಚೆ ನಿಲ್ಲಲಿ, ಯಾರೂ ಮುಟ್ಟಬೇಡಿ" ಎಂದು ಕೂಗಿದರು. ಆ ಬೆಂಚುಗಳಲ್ಲಿ ಅವಳ ಬೀದಿಯವರೇ ಇಬ್ಬರಿದ್ದರು. ಬೆಳಿಗ್ಗೆ ಹೋದವಳ ಕೈಗೆ ಪ್ಲಾಸ್ಟರ್ ಬಿದ್ದದ್ದು ಸಂಜೆ ಐದಕ್ಕೆ. ಮೂರನೆಯ ದಿನ ಬಾಡಿಗೆ ಮನೆ ಖಾಲಿ ಮಾಡಿಸಿದರು. "ಅಕ್ಕಾ, ಇನ್ನು ನಿಮ್ಮ ಜೊತೆ ಎಲ್ಲಿಗೂ ಬರಲ್ಲ" ಎಂದು ಫೋನಿಟ್ಟವಳು ಈಗ ಎಲ್ಲಿದ್ದಾಳೋ, ಮಾತ್ರೆ ನುಂಗುತ್ತಿದ್ದಾಳೋ ಇಲ್ಲವೋ, ನನಗೆ ಗೊತ್ತಿಲ್ಲ.

2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯಿದೆ ತಮಗೆ ತಿಳಿಯದ್ದಲ್ಲ. ಒಬ್ಬರ ಸೋಂಕನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸಬಾರದು, ಚಿಕಿತ್ಸೆಯಲ್ಲಿ ತಾರತಮ್ಯ ಮಾಡಬಾರದು, 20ಕ್ಕಿಂತ ಕಡಿಮೆಯಿಲ್ಲದಷ್ಟು ಜನರಿರುವ ಆರೋಗ್ಯ ಸಂಸ್ಥೆಯಲ್ಲಿ ಇಂಥ ಉಲ್ಲಂಘನೆಯ ದೂರು ಕೇಳಲು ಒಬ್ಬ ದೂರು ಅಧಿಕಾರಿ ಇರಲೇಬೇಕು. ಆ ಅಧಿಕಾರಿ ಯಾರೆಂದು ನಾನು ಅದೇ ಆಸ್ಪತ್ರೆಯ ಐದು ಮೇಜುಗಳಲ್ಲಿ ಕೇಳಿದೆ. ಅಂಥದ್ದೊಂದು ಹುದ್ದೆ ಇದೆಯೆಂಬುದೇ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ದಯವಿಟ್ಟು ಅವರ ಹೆಸರನ್ನು ಗೋಡೆಯ ಮೇಲೆ ಬರೆಸಿ.

ಒಂದು ಕಾಲಕ್ಕೆ ದೇಶದಲ್ಲಿ ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ಕಾಂಡೋಮ್, ಪರೀಕ್ಷೆ ಮತ್ತು 2004ರಲ್ಲಿ ಆರಂಭವಾದ ಉಚಿತ ಮಾತ್ರೆಗಳಿಂದ ಅದು ಇಳಿದಿದೆ. ಇಂದು ಮಿಜೋರಾಂನಂಥ ಈಶಾನ್ಯ ರಾಜ್ಯಗಳಲ್ಲಿ ಮಾದಕ ದ್ರವ್ಯದ ಸೂಜಿ ದೊಡ್ಡ ಆತಂಕವಾಗಿದ್ದರೆ, ನಮ್ಮ ಕಡೆ ಸೋಂಕು ಹೆಚ್ಚಾಗಿ ಹರಡುವುದು ಲೈಂಗಿಕ ಸಂಪರ್ಕದಿಂದಲೇ. ದೇಶದ ವಯಸ್ಕರಲ್ಲಿ ಸೋಂಕು ಶೇ. 0.2ರ ಆಸುಪಾಸಿನಲ್ಲಿದ್ದರೂ, 2021ರ ಸಮೀಕ್ಷೆಯಂತೆ ಲೈಂಗಿಕ ವೃತ್ತಿಯ ಮಹಿಳೆಯರಲ್ಲಿ ಅದು ಶೇ. 2ರ ಹತ್ತಿರವಿದೆ, ಲಿಂಗತ್ವ ಅಲ್ಪಸಂಖ್ಯಾತರಲ್ಲಿ ಶೇ. 3ನ್ನು ದಾಟಿದೆ. ಮಾತ್ರೆಯಿಂದ ವೈರಾಣು ಪತ್ತೆಯಾಗದ ಮಟ್ಟಕ್ಕಿಳಿದವರಿಂದ ಲೈಂಗಿಕವಾಗಿ ಸೋಂಕು ದಾಟುವುದಿಲ್ಲ. ನಾಲ್ಕು ವರ್ಷ ಮಾತ್ರೆ ತಪ್ಪಿಸದವಳನ್ನು ಒಂದೇ ಕೂಗಿನಿಂದ ಊರು ಬಿಡಿಸಿದ್ದು ಎಂಥ ಅನಾಹುತವೆಂದು ತಾವೇ ಹೇಳಿ! ಆ ಕೂಗಿನ ಸುದ್ದಿ ಕೇಳಿ, ಪರೀಕ್ಷೆಗೆ ಒಪ್ಪಿದ್ದ ಇನ್ನೂ ಮೂವರು ಹಿಂದೆ ಸರಿದಿದ್ದಾರೆ.

ತರಬೇತಿ, ಜಾಥಾ, ಡಿಸೆಂಬರ್ 1ರ ವಿಶ್ವ ಏಡ್ಸ್ ದಿನದ ಭಾಷಣ ಎಲ್ಲವೂ ನಡೆಯುತ್ತಿವೆ, ನಾನೂ ಬ್ಯಾನರ್ ಹಿಡಿದಿದ್ದೇನೆ. ಈಗ ನಾನು ಕೇಳುತ್ತಿರುವುದು ಒಂದು ಹೆಸರು, ಒಂದು ದೂರವಾಣಿ ಸಂಖ್ಯೆ, ಅಷ್ಟೇ. ಜಿಲ್ಲೆಯ ಪ್ರತಿಯೊಂದು ಆಸ್ಪತ್ರೆಯ ದೂರು ಅಧಿಕಾರಿ ಯಾರೆಂದು ಹೊರರೋಗಿ ವಿಭಾಗದ ಗೋಡೆಯ ಮೇಲೆ, ಓದಲು ಬಾರದವರಿಗೆ ಯಾರಾದರೂ ಓದಿ ಹೇಳಬಹುದಾದಷ್ಟು ದೊಡ್ಡ ಕನ್ನಡ ಅಕ್ಷರಗಳಲ್ಲಿ, ಈ ತಿಂಗಳೊಳಗೆ ಬರೆಸಿ.

ಇಂತಿ,
ಒಬ್ಬ ಸಮುದಾಯ ಕಾರ್ಯಕರ್ತೆ, ಸಕಲೇಶಪುರ