ಹಬ್ಬ ಬೇಡ ಅಂದ ಅಮ್ಮನ ಬಗ್ಗೆ

ಪ್ರಿಯ ಗೆಳೆಯಾ,

'ಈ ಸಲ ದೀಪಾವಳಿಗೆ ಏನೂ ಮಾಡೋದು ಬೇಡ ಅಂತಿದ್ದಾಳೆ ಅಮ್ಮ, ಎಲ್ಲ ಮುಗೀತು ಅನ್ನಿಸ್ತಿದೆ' ಅಂತ ನೀನು ಮೊನ್ನೆ ಫೋನಿನಲ್ಲಿ ಹೇಳಿದಾಗ ನಾನು ಸುಮ್ಮನಿದ್ದೆ. ಬರೆದರೆ ಸರಿಯಾಗಿ ಹೇಳಬಹುದು ಅಂತ ಈ ಪತ್ರ. ಇದೇ ಮಾತು ಬೇರೆ ಗೆಳೆಯರ ಬಾಯಲ್ಲೂ ಕೇಳಿದ್ದೇನೆ, ಅದಕ್ಕೇ ಎಲ್ಲರೂ ಓದುವ ಹಾಗೆ ಹಾಕಿದ್ದೇನೆ. ಬೈಯಬೇಡ.

ಕೊಪ್ಪದ ನಿಮ್ಮ ಮನೆಯ ಹಬ್ಬ ನಾನೂ ಉಂಡವನೇ ಮಾರಾಯ. ಈಗ ಕೂತು ನೆನಪಿಸಿಕೋ, ಅದರಲ್ಲಿ ಯಾರ ಕೆಲಸ ಎಷ್ಟಿತ್ತು ಅಂತ. ನೀರು ತುಂಬುವ ಹಬ್ಬದ ಹಿಂದಿನ ದಿನವೇ ಬಚ್ಚಲ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದವರು ನಿಮ್ಮಮ್ಮ. ಸುಣ್ಣ, ಕೆಮ್ಮಣ್ಣಿನ ಪಟ್ಟೆ ಎಳೆದು, ಹಿಂಡ್ಲೆಕಾಯಿ ಬಳ್ಳಿ ಸುತ್ತಿ, ಬಾವಿಯಿಂದ ಸೇದಿ ತುಂಬುತ್ತಿದ್ದವರೂ ಅವರೇ. ಬೆಳಗಿನ ಜಾವ ಎಲ್ಲರಿಗಿಂತ ಮೊದಲು ಎದ್ದು ಒಲೆ ಹಚ್ಚಿ, ಮನೆಮಂದಿಯ ಎಣ್ಣೆಸ್ನಾನ ಮುಗಿದ ಮೇಲೆ ಕೊನೆಗೆ ಉಳಿದ ಉಗುರುಬೆಚ್ಚಗಿನ ನೀರಿನಲ್ಲಿ ತಾವು ಮಿಂದು ಬರುತ್ತಿದ್ದರು. ಆಮೇಲೆ ಸೌತೆಕಾಯಿ ತುರಿದು, ಬಾಳೆಲೆ ಬಾಡಿಸಿ ಕಡುಬು ಕಟ್ಟಬೇಕು. ಹೋಳಿಗೆ ಬೇರೆ. ಪಾಡ್ಯದ ದಿನ ಕೊಟ್ಟಿಗೆ ಕೆಲಸ. ರಾತ್ರಿ ದೀಪ ಹಿಡಿದು ಹಾಡುತ್ತಾ ಬರುವ ಅಂಟಿಗೆ ಪಂಟಿಗೆಯವರು ಯಾವ ಹೊತ್ತಿಗೆ ಬಂದರೂ ಎದ್ದು ಬಾಗಿಲು ತೆಗೆದು, ದೀಪಕ್ಕೆ ಎಣ್ಣೆ ಎರೆದು, ಅಕ್ಕಿ, ಕಾಸು ಕೊಡಬೇಕು. ಇಷ್ಟೂ ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೇ. ಅಂದರೆ ಅಡಿಕೆ ಗೊನೆ ಕೊಯ್ಯುವವರಿಗೂ, ಸುಲಿಯುವವರಿಗೂ ಕಾಫಿ ತಿಂಡಿ ಅವರದ್ದೇ. ನಾನು, ನೀನು ಏನು ಮಾಡಿದೆವು? ದನದ ಕೊರಳಿಗೆ ಚೆಂಡು ಹೂವಿನ ಹಾರ ಹಾಕಿದೆವು, ಪಟಾಕಿ ಹೊಡೆದೆವು, ಚೆನ್ನಾಗಿ ತಿಂದೆವು.

ನಿಮ್ಮಪ್ಪನೂ ಅಷ್ಟೇ. ಪೂಜೆಗೆ ಪಂಚೆ ಉಟ್ಟು ಸಿದ್ಧವಾಗುವುದೇ ಅವರ ಪಾಲಿನ ಹಬ್ಬ. ಹೋಗಲಿ ಬಿಡು.

ನಮ್ಮ ಮನೆಯಲ್ಲಿ ಈ ಮಾತು ಮೊದಲೇ ಬಂತು. ಅಮ್ಮನ ಮಂಡಿ ಸವೆದಿದೆ ಅಂತ ಡಾಕ್ಟರು ಹೇಳಿದ ವರ್ಷ ಅವಳು ನನ್ನನ್ನೂ ತಂಗಿಯನ್ನೂ ಕೂರಿಸಿಕೊಂಡು 'ಇನ್ನು ಮೇಲೆ ಹೋಳಿಗೆ ಅಂಗಡಿಯಿಂದ ತಂದರೆ ಆಗುತ್ತಾ?' ಅಂತ ಕೇಳಿದಳು. ನಮ್ಮಿಂದ ಹೂಂ ಅನ್ನಿಸಿಕೊಳ್ಳಲು ಎಷ್ಟೋ ವರ್ಷದಿಂದ ಕಾಯುತ್ತಿದ್ದಳು ಅಂತ ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಹಬ್ಬ ನಿಂತರೆ ಮಕ್ಕಳಿಗೆ ಬೇಜಾರು ಅಂತ ಅವಳು ಎಳೆಯುತ್ತಿದ್ದಳು. ನಿಲ್ಲಿಸಿದರೆ ಅಮ್ಮನಿಗೆ ಬೇಜಾರು ಅಂತ ನಾವು ರಜೆ ಹಾಕಿ, ಬಸ್ಸಿನಲ್ಲಿ ನಿಂತುಕೊಂಡು ಬರುತ್ತಿದ್ದೆವು. ತಮಾಷೆ ಅಲ್ವಾ?

ನಮ್ಮ ಚಿಕ್ಕಮಗಳೂರಿನ ಹತ್ತಿರದ ದೇವೀರಮ್ಮನ ಬೆಟ್ಟದ ವಿಷಯದಲ್ಲೂ ಹಾಗೇ ಆಯಿತು. ವರ್ಷಕ್ಕೊಮ್ಮೆ, ದೀಪಾವಳಿಯ ನರಕ ಚತುರ್ದಶಿ ಹೊತ್ತಿಗೆ ಮಾತ್ರ ಹತ್ತುವ ಬೆಟ್ಟ ಅದು. ಮಲ್ಲೇನಹಳ್ಳಿ ಕಡೆಯಿಂದ ಕತ್ತಲಲ್ಲೇ ಹೊರಟು, ಬರಿಗಾಲಲ್ಲಿ, ಮಳೆ ಬಂದಿದ್ದರೆ ಜಾರುತ್ತಾ ಅಮ್ಮನೂ ಹತ್ತುತ್ತಿದ್ದಳು. ಈಗ ಹತ್ತುವುದಿಲ್ಲ. ಸಂಜೆ ತಾರಸಿಗೆ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ಬೆಟ್ಟದ ಮೇಲೆ ದೀಪ ಕಂಡ ಕೂಡಲೇ ಅಲ್ಲಿಂದಲೇ ಆರತಿ ಎತ್ತುತ್ತಾಳೆ. ಇದು ಅವಳು ಹೊಸದಾಗಿ ಕಂಡುಕೊಂಡ ದಾರಿಯೇನಲ್ಲ. ಹತ್ತಲಾಗದವರು ಮನೆಯಿಂದಲೇ ಬೆಳಗುವುದು ಇಲ್ಲಿ ಮೊದಲಿಂದಲೂ ಉಂಟು. ವಯಸ್ಸಾಗುತ್ತದೆ ಅಂತ ಹಿಂದಿನವರಿಗೆ ಗೊತ್ತಿತ್ತು. ಅದನ್ನು ಮರೆತು ಹಬ್ಬ ಅಂದರೆ ನಾವು ಹತ್ತು ವರ್ಷದವರಾಗಿದ್ದಾಗ ಹೇಗಿತ್ತೋ ಹಾಗೇ ಇರಬೇಕು ಅನ್ನುವವರು ನಾವು.

ನಿನ್ನ ಮಗಳು ಊರಿಗೆ ಬರಲು ಮುಖ ಸಿಂಡರಿಸುತ್ತಾಳೆ ಅಂದೆ. ಗೀಸರಿನಲ್ಲಿ ಮೀಯುವ ಹುಡುಗಿಗೆ ಹಂಡೆ ಪೂಜೆ ಯಾಕೆ ಬೇಕು ಹೇಳು. ಅವಳನ್ನು ಒತ್ತಾಯ ಮಾಡಬೇಡ. ಆದರೆ ಅಂಟಿಗೆ ಪಂಟಿಗೆಯವರು ನಿಮ್ಮ ಕಡೆ ಇನ್ನೂ ಬರುವುದಾದರೆ ಒಂದು ಸಲ ಎಬ್ಬಿಸಿ ಕೇಳಿಸು. ಹಾಡುವವರ ಮಕ್ಕಳೂ ಬೆಂಗಳೂರಿನಲ್ಲೇ ಇದ್ದಾರೆ, ಹಾಡುವವರ ಮಂಡಿಯೂ ಸವೆಯುತ್ತದೆ. ಅದು ನಿಂತರೆ ನನಗೆ ನಿಜವಾಗಿ ಹೊಟ್ಟೆ ಉರಿಯುತ್ತದೆ. ಹೋಳಿಗೆಯನ್ನು ದುಡ್ಡು ಕೊಟ್ಟು ತರಬಹುದು, ನಡುರಾತ್ರಿ ಮನೆ ಬಾಗಿಲಿಗೆ ಬರುವ ಆ ಹಾಡನ್ನು ಎಲ್ಲಿಂದ ತರುವುದು? ಕರೆದು ವೇದಿಕೆ ಮೇಲೆ ಹಾಡಿಸಿದರೆ ಅದು ಬೇರೆಯೇ.

ನೀನು ಈಗ ಮಾಡಬೇಕಾದ್ದು ಇಷ್ಟು. ಅಮ್ಮನಿಗೆ ಫೋನ್ ಮಾಡಿ, 'ಎಲ್ಲಾ ಬಿಟ್ಟು ಒಂದೇ ಒಂದು ಇಟ್ಟುಕೊಳ್ಳೋದಾದರೆ ಯಾವುದು ಬೇಕು?' ಅಂತ ಕೇಳು. ಉತ್ತರ ನೀನು ಅಂದುಕೊಂಡದ್ದಲ್ಲದೆ ಇರಬಹುದು. ನಮ್ಮಮ್ಮ ಆರತಿ ಅಂದಳು, ನಾನು ಕಡುಬು ಅಂತಾಳೆ ಅಂದುಕೊಂಡಿದ್ದೆ. ಅವರು ಹೇಳಿದ್ದನ್ನು ನೀನು ಮಾಡು, ಅವರು ಕೂತು ಹೇಳಿಕೊಡಲಿ. ಕಡುಬೇ ಆದರೆ ಸೌತೆಕಾಯಿ ತುರಿಯುವುದು ನಿನ್ನ ಪಾಲು.

ಬಸ್ ಟಿಕೆಟ್ ಈಗಲೇ ಮಾಡಿಸು, ಹಬ್ಬದ ಹಿಂದಿನ ದಿನ ಸಿಗುವುದಿಲ್ಲ. ಚಿಕ್ಕಮಗಳೂರಿನಲ್ಲಿ ಇಳಿದರೆ ನಮ್ಮನೆಗೆ ಬಂದೇ ಕೊಪ್ಪಕ್ಕೆ ಹೋಗು.

ನಿನ್ನ ಗೆಳೆಯ